ಬಾಗಿಲ ಹಿಂದಿನ ಚೀಲ

ಇವತ್ತು ಬೆಳಿಗ್ಗೆ ಹಾಲು ಸೀದುಹೋಯಿತು. ಒಲೆಯ ಮೇಲಿಟ್ಟು ಮಗಳ ಜೊತೆ ಫೋನಿನಲ್ಲಿ ಹರಟುತ್ತ ನಿಂತಿದ್ದೆ. ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಅರ್ಧ ಪಾತ್ರೆ ಬರ್ನರಿನ ಪಾಲಾಗಿತ್ತು. ನಾನು ಜಾಂಬೋಟಿ ಕಡೆಯವಳು, ಎಮ್ಮೆ ಸಾಕಿಯೇ ಬದುಕಿದ ಮನೆತನದ ಮಗಳು. ಇಲ್ಲಿ ಹಾಲು ಬೆಂಕಿಗೆ ಬಿದ್ದರೆ ಅಲ್ಲಿ ಎಮ್ಮೆಯ ಕೆಚ್ಚಲು ಉರಿಯುತ್ತದೆ ಎಂದು ನಮ್ಮವ್ವ ಬೈದು ಬೈದೇ ಬೆಳೆಸಿದಳು. ಆದರೆ ಸೀದ ಹಾಲಿನ ವಾಸನೆಗೆ ನನಗೆ ಎಮ್ಮೆಯೂ ನೆನಪಾಗುವುದಿಲ್ಲ, ಅವ್ವನೂ ನೆನಪಾಗುವುದಿಲ್ಲ. ಲೋಕದ ಅಂತ್ಯ ನೆನಪಾಗುತ್ತದೆ. ಅದರ ಬೆನ್ನಿಗೇ ನರ್ಸಬಾಯಿ...

ಮದುವೆಯಾದ ಹೊಸತರಲ್ಲಿ ನಾವು ಟಿಳಕವಾಡಿಯಲ್ಲಿ, ರೈಲ್ವೆ ಗೇಟಿಗೆ ಹತ್ತಿರದ ಒಂದು ಚಾಳಿನಲ್ಲಿ ಬಾಡಿಗೆಗಿದ್ದೆವು. ಸಾಲಾಗಿ ನಾಲ್ಕು ಮನೆ, ಎಲ್ಲರಿಗೂ ಸೇರಿ ಒಂದು ನಳ. ಮೊದಲನೆಯದು ನಮ್ಮದು. ಬಾಜೂ ಮನೆ ನರ್ಸಬಾಯಿಯದು. ಆಚೆ ಖಾಲಾ, ಅಂದರೆ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಮುಸ್ಲಿಂ ಸಾಹೇಬರ ಹೆಂಡತಿ. ಕೊನೆಯ ಮನೆಯಲ್ಲಿ ಚರ್ಚಿನಲ್ಲಿ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಬಾರಿಸುವ ಮಾಸ್ತರರು ಮತ್ತು ಅವರ ಹೆಂಡತಿ. ಹೀಗೆ ಎರಡು ಕ್ರಿಸ್ತರ ಮನೆ, ಎರಡು ಅಲ್ಲದ್ದು. ಈ ಲೆಕ್ಕ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ನರ್ಸಬಾಯಿ ಮದುವೆಯಾಗಿರಲಿಲ್ಲ. ಮಿಶನ್ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದು ನಿವೃತ್ತರಾಗಿದ್ದರು. ತೀರಿಹೋದ ತಮ್ಮನ ಮಗನನ್ನು ಸಾಕಿ, ಮದುವೆ ಮಾಡಿ, ಅವನ ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಇದ್ದರು. ಅರ್ಧ ಟಿಳಕವಾಡಿ ಮೊದಲು ಅತ್ತದ್ದು ಅವರ ಕೈಯಲ್ಲೇ. ಭಾಜಿ ತರಲು ಹೊರಟರೆ ಮೀಸೆ ಬಂದ ಗಂಡಸರೂ ಸೈಕಲ್ ಇಳಿದು ನಮಸ್ಕಾರ ಮಾಡುತ್ತಿದ್ದರು. ಇವರು ನಗುತ್ತ, ಹುಟ್ಟುವಾಗ ನೀನು ಎಷ್ಟು ಕಾಡಿದ್ದೆ ಎಂದು ರಸ್ತೆಯಲ್ಲೇ ಶುರು ಮಾಡಿಬಿಡುತ್ತಿದ್ದರು. ಆ ಗಂಡಸರ ಮುಖ ನೋಡಬೇಕಿತ್ತು.

ಅವರ ಮನೆಯ ಬಾಗಿಲ ಹಿಂದೆ, ಮೊಳೆಗೆ ಒಂದು ಖಾಕಿ ಚೀಲ ತೂಗುತ್ತಿತ್ತು. ನೌಕರಿಯಲ್ಲಿದ್ದಾಗ ಅದರಲ್ಲಿ ಕತ್ತರಿ, ಕೈಗವಸು, ಸಾಬೂನು, ಒಗೆದ ಟವೆಲ್ಲು. ಯಾವ ಹೊತ್ತಿಗೆ ಯಾವ ಓಣಿಯಿಂದ ಕರೆ ಬಂದರೂ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಕತ್ತರಿ ಹೋಯಿತು, ಚೀಲ ಹೋಗಲಿಲ್ಲ. ಅದರೊಳಗೆ ಇಸ್ತ್ರಿ ಮಾಡಿದ ಒಂದು ಬಿಳಿ ಸೀರೆ ಬಂತು, ಬಿಳಿ ಕುಪ್ಪಸ ಬಂತು, ಟವೆಲ್ಲು, ಬಾಚಣಿಗೆ. ಯೇಸುಸ್ವಾಮಿಯ ಎರಡನೇ ಬರೋಣಕ್ಕೆ ಅದು ತಯಾರಿ. ತುತೂರಿ ಊದಿದ ಗಳಿಗೆಗೆ ಸಿದ್ಧರಿದ್ದವರನ್ನು ಸ್ವಾಮಿ ಮೇಲಕ್ಕೆ ಎತ್ತಿಕೊಳ್ಳುತ್ತಾನೆ, ಸಿದ್ಧರಿಲ್ಲದವರು ಇಲ್ಲೇ ಉಳಿಯುತ್ತಾರೆ ಎಂಬುದು ಅವರ ಸಭೆಯವರ ನಂಬಿಕೆ.

ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಒಂದು ದಿನ ಕೇಳಿಯೇಬಿಟ್ಟೆ. “ಬಾಯಾರ, ಮ್ಯಾಲ ಹೋಗೂದಕ್ಕ ಬಾಚಣಿಕಿ ಯಾಕ್ರಿ? ಅಲ್ಲಿ ಯಾರು ತಲಿ ಹಿಕ್ಕೋತಾರು?”

“ಮತ್ತ ಕೆದರಿದ ತಲೀಲೆ ಸ್ವಾಮಿ ಮುಂದ ನಿಂದರ್ಲೇನ?” ಎಂದರು. ಸಿಟ್ಟೇನೂ ಇರಲಿಲ್ಲ. ನನ್ನನ್ನು ಹತ್ತಿರ ಕೂರಿಸಿಕೊಂಡು, ಹೆರಿಗೆ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಕಲಿಸುವ ಹಾಗೆ ಹೇಳಿದರು. “ಹೆರಿಗಿ ಇದ್ದಂಗ ತಂಗಿ ಇದು. ದಿನಾ ತುಂಬ್ಯಾವ ಅಂತ ಗೊತ್ತಿರತೈತಿ, ತಾಸು ಗೊತ್ತಿರಂಗಿಲ್ಲ. ಬ್ಯಾನಿ ಸುರು ಆದಮ್ಯಾಲ ಅರಿವಿ ಒಗ್ಯಾಕ ಕುಂತ್ರ ಹೆಂಗ?”

ಆದರೆ ನಿಜವಾದ ತಯಾರಿ ಚೀಲದಲ್ಲಿ ಇರಲಿಲ್ಲ. ಅವರದೊಂದು ರೂಢಿಯಿತ್ತು. ಯಾರ ಜೊತೆ ಏನೇ ಮನಸ್ತಾಪವಾಗಲಿ, ದೀಪ ಹಚ್ಚುವುದರೊಳಗೆ ಅದನ್ನು ಮುಗಿಸಿಬಿಡಬೇಕು. ನಳದ ಮುಂದೆ ಕೊಡ ಇಡುವ ಸರದಿಗಾಗಿ ನಾನು ಅವರ ಜೊತೆ ಎಷ್ಟು ಜಗಳವಾಡಿದ್ದೇನೋ ದೇವರಿಗೇ ಗೊತ್ತು. ಬೆಳಿಗ್ಗೆ ಕೊಡ ಕುಟ್ಟಿ ಒಳಗೆ ಬಂದರೆ, ಸಂಜೆ ಹೊತ್ತು ಮುಳುಗುವ ಮುಂಚೆ ಬಾಗಿಲಲ್ಲಿ ಇವರು ಹಾಜರು. ಕೈಯಲ್ಲಿ ಒಂದು ವಾಟಿ ಉಸುಳಿಯೋ, ಎರಡು ಬಾಳೆಹಣ್ಣೋ. ಒಳಗೆ ಬರುತ್ತಿರಲಿಲ್ಲ. “ಇವತ್ತ ಬಂದ್ರ?” ಎನ್ನುತ್ತಿದ್ದರು, ಅಷ್ಟೇ. ಯಾರು ಬಂದರೆ ಎಂದು ಕೇಳುವ ಹಾಗೇ ಇರಲಿಲ್ಲ. ನಾನು ನಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ನನಗೋ ಒಳಗೊಳಗೇ ಸಂಕಟ. ಸಿಟ್ಟನ್ನು ರಾತ್ರಿಯೆಲ್ಲ ನೆನೆಹಾಕಿ ಬೆಳಿಗ್ಗೆ ರುಬ್ಬುವ ಸುಖವೇ ಬೇರೆ. ಆ ಸುಖವನ್ನು ಈ ಹೆಂಗಸು ನನಗೆ ಒಂದು ದಿನವೂ ಕೊಡಲಿಲ್ಲ.

ಹೀಗಿದ್ದವರಿಗೆ ಒಂದೇ ಒಂದು ಜಗಳ ಮಾತ್ರ ಮುಗಿಸಲು ಆಗಿರಲಿಲ್ಲ. ಖಾನಾಪುರದಲ್ಲಿ ಅವರಿಗೊಬ್ಬ ಅಕ್ಕ ಇದ್ದರು, ಒಡಹುಟ್ಟಿದ ಅಕ್ಕ. ತಾಯಿ ಕೊನೆಗಾಲಕ್ಕೆ ಆ ಅಕ್ಕನ ಮನೆಯಲ್ಲೇ ಇದ್ದಳು. ಒಂದು ಮಳೆಗಾಲದಲ್ಲಿ ತೀರಿಹೋದಳು. ಸುದ್ದಿ ಬಂದಾಗ ನರ್ಸಬಾಯಿ ಹೆರಿಗೆ ಕೋಣೆಯಲ್ಲಿದ್ದರು. ಕೂಸು ಅಡ್ಡ ತಿರುಗಿತ್ತು, ತಾಯಿಯ ಜೀವವೂ ತೂಗುಯ್ಯಾಲೆಯಲ್ಲಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಎಲ್ಲ ಮುಗಿಸಿ, ಮಳೆಯಲ್ಲಿ ಬಸ್ಸು ಸಿಕ್ಕಿ, ಖಾನಾಪುರ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅವ್ವನ ಮಾರಿ ತೋರಿಸದೆ ಹುಗಿದುಬಿಟ್ಟಿ ಎಂದು ನೆರೆದ ಜನರ ಮುಂದೆ ಅಕ್ಕನಿಗೆ ಆಡಬಾರದ ಮಾತೆಲ್ಲ ಆಡಿ, ಇನ್ನು ನಿನ್ನ ಹೊಸ್ತಿಲು ತುಳಿಯಂಗಿಲ್ಲ ಎಂದು ಬಂದವರು ಮತ್ತೆ ಹೋಗಿರಲಿಲ್ಲ. ಇದನ್ನು ನನಗೆ ಹೇಳಿದ್ದು ಅವರ ಸೊಸೆ. ತವರಿಗೆ ಹೋಗುವಾಗ ನಾನು ಕೆಲವು ಸಲ ಖಾನಾಪುರದ ಮೇಲೇ ಹೋಗುತ್ತಿದ್ದೆ. ಅಕ್ಕೋರಿಗೆ ಏನರೆ ಹೇಳೂದೈತೇನ್ರಿ ಎಂದು ಕೇಳಿದರೆ ಬಾಯಾರು ಕೆಲಸ ಇದೆ ಎಂದು ಒಳಗೆ ಎದ್ದು ಹೋಗುತ್ತಿದ್ದರು.

ಶುಕ್ರವಾರ ಸಂಜೆ ಮಾಸ್ತರರ ಮನೆಯಲ್ಲಿ ಸಭೆ ಸೇರುತ್ತಿತ್ತು. ಪೆಟ್ಟಿಗೆಯ ದನಿ, ಹಾಡು, ಆಮೇಲೆ ಪ್ರಸಂಗ, ಅಂದರೆ ಬೋಧನೆ. ಬಾಗಿಲೆಲ್ಲ ತೆರೆದೇ ಇರುತ್ತಿದ್ದುದರಿಂದ ಅಂಗಳದಲ್ಲಿ ಕೂತ ನನಗೂ ಖಾಲಾಗೂ ಪುಕ್ಕಟೆಯಾಗಿ ಎಲ್ಲ ಕೇಳುತ್ತಿತ್ತು. ಒಲೆಯ ಮೇಲಿನ ಅಡಿಗೆ ಒಲೆಯ ಮೇಲೇ ಇರುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಬಾಗಿಲಲ್ಲೇ ಇರುತ್ತದೆ, ಸಿದ್ಧರಿದ್ದವರು ಮಾತ್ರ ಇರುವುದಿಲ್ಲ... ಹೀಗೆ ಹೇಳುತ್ತಿದ್ದರು. ಮರುದಿನ ನರ್ಸಬಾಯಿ ಮೆಂತ್ಯೆ ಪಲ್ಲೆ ಸೋಸುತ್ತಿದ್ದಾಗ, ಹಂಗಾರ ನಾನು ಖಾಲಾ ಇಬ್ರೂ ಇಲ್ಲೇ ಏನ್ರಿ ಎಂದು ಕೇಳಿದೆ. ಚಾಷ್ಟಿಗೇ ಕೇಳಿದ್ದು. ಅವರು ನಗಲಿಲ್ಲ. ಬಿಡಿಸಿದ ಎಲೆಗಳನ್ನು ಪಕ್ಕಕ್ಕೆ ಸರಿಸಿ, ಚಾ ಕುಡಿತಿಯೇನು ಎಂದರು.

ಆ ದಿನ ಬೇಸಿಗೆಯ ಮಧ್ಯಾಹ್ನ. ನಾನೂ ಖಾಲಾನೂ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದೆವು. ಹತ್ತಿರದ ಮಂಗಲ ಕಾರ್ಯಾಲಯದಲ್ಲಿ ಮದುವೆ. ಬ್ಯಾಂಡಿನವರು ಕಿವಿ ಹರಿಯುವ ಹಾಗೆ ತುತೂರಿ ಊದುತ್ತಿದ್ದರು. ನಡುವೆ ಒಂದು ಮಾಲುಗಾಡಿ ಬೇರೆ ಹೋಯಿತು. ಹಾಗಾಗಿ ಕೆಳಗೆ ಏನು ನಡೆಯಿತೋ ನಮಗೆ ಕೇಳಿಸಲಿಲ್ಲ. ಒಮ್ಮೆಲೇ ಹಾಲು ಸೀದ ವಾಸನೆ ಮೇಲೆ ಬಂತು. ಎಮ್ಮೆ ಮನೆತನದವಳಲ್ಲವೇ, ನಾನು ಮೆಟ್ಟಿಲು ಹಾರಿ ಕೆಳಗೆ ಓಡಿದೆ.

ನರ್ಸಬಾಯಿ ಆಗತಾನೇ ಬಜಾರಿನಿಂದ ಬಂದು, ಪಲ್ಲೆಯ ಚೀಲ ಹಿಡಿದು, ತಮ್ಮ ಮನೆಯ ಬಾಗಿಲ ಮುಂದೆ ಕಂಬದ ಹಾಗೆ ನಿಂತಿದ್ದರು. ಬಾಗಿಲು ಹಾರುಹೊಡೆದಿತ್ತು. ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಸೀಯುತ್ತಿತ್ತು. ಟೇಪಿನಲ್ಲಿ ಯಾವುದೋ ಸ್ತುತಿ ಹಾಡು ತನ್ನ ಪಾಡಿಗೆ ನಡೆದಿತ್ತು. ಹೊಸ್ತಿಲ ಹೊರಗೆ ಚಪ್ಪಲಿಗಳು: ಸಾಕುಮಗನದು, ಸೊಸೆಯದು, ಆ ಪುಟ್ಟ ಹುಡುಗಿಯ ಕೆಂಪು ಚಪ್ಪಲಿ. ಮನುಷ್ಯರು ಮಾತ್ರ ಇಲ್ಲ. ಅವರು ಮಾಸ್ತರರ ಮನೆಯ ಕಡೆ ನೋಡಿದರು. ಅದೂ ತೆರೆದಿತ್ತು. ಪೆಟ್ಟಿಗೆಯ ಮುಚ್ಚಳ ಎತ್ತಿದ್ದು ಹಾಗೇ ಇತ್ತು, ಅಲ್ಲೂ ಚಪ್ಪಲಿ, ಅಲ್ಲೂ ಯಾರಿಲ್ಲ. ಆಚೆ ಓಣಿಯಲ್ಲಿ ತುತೂರಿ ಇನ್ನೂ ಊದುತ್ತಲೇ ಇತ್ತು. ಆಮೇಲೆ ಅವರು ತಿರುಗಿ ನನ್ನನ್ನು ನೋಡಿದರು. ನನ್ನ ಹಿಂದೆ ಮೆಟ್ಟಿಲಿಳಿದು ಬಂದ ಖಾಲಾಳನ್ನು ನೋಡಿದರು.

“ನೀವ ಇಬ್ರೂ... ಇಲ್ಲೇ ಅದೀರಿ?”

“ಎಲ್ಲಿ ಹೋಗೂಣ್ರಿ ಮತ್ತ?” ಎಂದುಬಿಟ್ಟೆ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ನಾನು ಒಳಗೆ ಓಡಿ ಒಲೆ ಆರಿಸಿ ಬಂದೆ. ಅಷ್ಟರಲ್ಲಿ ನನಗೂ ಅರ್ಥವಾಗಿತ್ತು, ಅಂಗಳದಲ್ಲಿ ಕೂತು ಅಷ್ಟು ಶುಕ್ರವಾರ ಪ್ರಸಂಗ ಕೇಳಿದವಳಲ್ಲವೇ ನಾನು. ಖರೇ ಹೇಳಬೇಕೆಂದರೆ, ಆ ಕೆಂಪು ಚಪ್ಪಲಿ ನೋಡಿ ಒಂದು ಗಳಿಗೆ ನನ್ನ ಮೈಯೂ ಜುಮ್ಮೆಂದಿತು. ಹೋದರು, ಎಲ್ಲಾರೂ ಹೋದರು ಎಂದು ಅವರು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು ನೋಡಿ. ಚಾಳಿನಲ್ಲಿ ಸಭೆಯವರು ಒಬ್ಬರೂ ಇಲ್ಲ, ಉಳಿದವರು ನಾವಿಬ್ಬರೇ. ನಮ್ಮ ಜೊತೆ ಅವರು.

ಖಾಲಾ ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ತಂಬಿಗೆಯಲ್ಲಿ ನೀರು ತಂದು ಅವರ ತುಟಿಗೆ ಹಿಡಿದಳು. ಪಕ್ಕದಲ್ಲೇ ನೆಲಕ್ಕೆ ಕೂತು ಬೆನ್ನು ಸವರಿದಳು. “ಪೈಲೇ ಪಾನಿ ಪಿಯೋ ಬಾಯಿ. ನಿಮ್ಮ ಯೇಸು ಅಂದ್ರ ನಮ್ಮ ಈಸಾ ನಬಿ, ನಮ್ಮಾಗೂ ಬರೂದೈತಿ. ಬಂದಿದ್ರ ನಮಗೂ ಗೊತ್ತಾಗತಿತ್ತಲ್ಲ?”

ನಾನು ಅವರ ಕೈ ಹಿಡಿದುಕೊಂಡೆ. ಸಾವಿರ ಕೂಸುಗಳನ್ನು ಹಿಡಿದ ಕೈ ಅದು. ಅವರು ಗಟ್ಟಿಯಾಗಿ ಅಳಲಿಲ್ಲ. “ಒಂದ ಉಳದಿತ್ತು. ಅಕ್ಕನ ಮನಿಗೆ ಹೋಗೂದ ಒಂದ ಉಳದಿತ್ತು. ನನಗ ಗೊತ್ತಿತ್ತು” ಎಂದರು.

ಎಷ್ಟು ಹೊತ್ತು ಹಾಗೆ ಕೂತೆವೋ... ಆಮೇಲೆ ಗಲ್ಲಿಯ ತಿರುವಿನಲ್ಲಿ ಆಟೋ ಬಂತು. ಇಳಿದವರು ಮಗ, ಸೊಸೆ, ಸೊಸೆಯ ಕಂಕುಳಲ್ಲಿ ಬಿಸ್ಕಿಟು ತಿನ್ನುತ್ತ ಆ ಹುಡುಗಿ, ಹಿಂದೆ ಮಾಸ್ತರರು ಮತ್ತು ಅವರ ಹೆಂಡತಿ. ಎಲ್ಲರದೂ ಬರಿಗಾಲು. ಹುಡುಗಿ ಮೂಗಿನಲ್ಲಿ ಹುಣಸೆಬೀಜ ಏರಿಸಿಕೊಂಡು ಉಸಿರು ಕಟ್ಟಿಸಿಕೊಂಡಿದ್ದಳಂತೆ. ಇದ್ದವರು ಇದ್ದಲ್ಲಿಂದಲೇ ದವಾಖಾನೆಗೆ ಓಡಿದ್ದರು. ಮೊಬೈಲು ಆಗ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಏನಾಯಿತೆಂದು ನಾನು ಹೇಳಿದೊಡನೆ ಮಗ ಹೊಟ್ಟೆ ಹಿಡಿದು ನಕ್ಕ. ಮಾಸ್ತರರೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ, ಬದುಕಿದೆಯಾ ಬಡಜೀವವೇ ಎನ್ನುವಂಥ ನಗು. ನರ್ಸಬಾಯಿ ಮಾತ್ರ ನಗಲಿಲ್ಲ. ಮೊಮ್ಮಗಳ ಮೂಗನ್ನು ಎರಡು ಸಲ ನೋಡಿದರು, ಮುಖ ತೊಳೆದರು, ಒಳಗೆ ಹೋಗಿ ಬಾಗಿಲ ಹಿಂದಿನ ಖಾಕಿ ಚೀಲ ತೆಗೆದು ಹೆಗಲಿಗೇರಿಸಿದರು. ಖಾನಾಪುರಕ್ಕೆ ಹೋಗುತ್ತೇನೆ ಎಂದರು.

ನಾಳೆ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅತ್ತೀ, ಈಗ ಹೊತ್ತು ಇಳಿಯಿತು ಎಂದು ಮಗ ಪರಿಪರಿಯಾಗಿ ಹೇಳಿದ.

“ಇವತ್ತ” ಎಂದರು.

ಒಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮನೆಯವರು ಬಂದರೆ ಹೇಳು ಎಂದು ಖಾಲಾಗೆ ಕೀಲಿ ಕೊಟ್ಟು ಅವರ ಹಿಂದೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ದೇಸೂರು ದಾಟಿದ ಮೇಲೆ ಒಮ್ಮೆ ನನ್ನ ಕಡೆ ತಿರುಗಿ, ಬಿಟ್ಟು ಹೋದರು ಅಂತ ನಿನಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರು. ನೀವು ಜೋಡಿ ಇದ್ದಿರಲ್ಲ, ಎಂಥಾ ಹೆದರಿಕೆ ಎಂದೆ. ತೋಚಿದ್ದನ್ನು ಹೇಳಿದ್ದೆ, ಅಷ್ಟೇ.

ಅಕ್ಕನ ಮನೆ ಹೊಳೆಯ ಕಡೆಯ ಒಂದು ಓಣಿಯಲ್ಲಿತ್ತು. ಹೊತ್ತು ಮುಳುಗುತ್ತಿತ್ತು. ಬಾಗಿಲು ಬಡಿದರೆ ಒಳಗಿನಿಂದ ಮರಾಠಿಯಲ್ಲಿ, “ಕೋಣ ಆಹೇ?” ಎಂದು ದನಿ ಬಂತು.

“ನಾನಕ್ಕಾ.”

ಬಾಗಿಲು ತೆರೆಯಿತು. ಕುಳ್ಳ ಮುದುಕಿ, ಮೂಗಿನ ಮೇಲಿನ ಚಾಳೀಸಿನ ಒಂದು ಕಡ್ಡಿಗೆ ದಾರ ಕಟ್ಟಿತ್ತು. ತಂಗಿಯನ್ನು ನೋಡಿದವರು ಹೊಸ್ತಿಲಿಗೆ ಅಡ್ಡವೇ ನಿಂತರು. “ನಾನು ಅಂದ್ರ ಯಾರು? ನನಗೊಬ್ಬಾಕಿ ತಂಗಿ ಇದ್ಲು. ಆಕಿ ಈ ಹೊಸ್ತಿಲಾ ತುಳಿಯಂಗಿಲ್ಲ ಅಂದಾಳು.”

“ತಪ್ಪಾತು ಅಕ್ಕಾ.” ನರ್ಸಬಾಯಿ ಚೀಲವನ್ನು ಕಾಲ ಬಳಿ ಇಳಿಸಿದರು. ಕೈ ಮುಗಿಯಲು ಹೋದವರು, ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತರು.

ಅಕ್ಕ ಅಲುಗಲಿಲ್ಲ. ಮಾತನಾಡಲು ಶುರು ಮಾಡಿದಾಗ ದನಿ ಗಡಸಾಗಿತ್ತು, ಮುಗಿಯುವ ಹೊತ್ತಿಗೆ ಒಡೆದಿತ್ತು. “ಅವ್ವನ ಮಾರಿ ತೋರಸಲಿಲ್ಲ ಅಂತ ಮಂದಿ ಮುಂದ ಅಂದಿ. ಅವ್ವ ಏನ ಹೇಳಿದ್ಲು ಅಂತ ಕೇಳಿದೇನ ನೀ? ‘ಸಣ್ಣಾಕಿನ ದಾರಿ ಕಾಯಬ್ಯಾಡ್ರಿ. ಯಾವಾಕೆರ ಹಡಿಯಾಕತ್ತಿರತಾಳು, ಆಕೀನ ಬಿಟ್ಟ ನನ್ನ ಮಾರಿ ನೋಡಾಕ ಬರೂದ ಬ್ಯಾಡ’ ಅಂದ್ಲು. ಅವ್ವನ ಕಡೀ ಮಾತ ಅದು. ಹೇಳಬೇಕಂದ್ರ ನೀ ಬಂದೆಲ್ಲಿ?”

ನಾನು ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಷ್ಟು ವರ್ಷ ಆ ಮಾತು ಬಾಗಿಲೊಳಗೇ ಕಾಯುತ್ತಿತ್ತು, ಈಕೆ ಬಂದಿರಲಿಲ್ಲ. ನರ್ಸಬಾಯಿ ಆಗ ಅತ್ತರು. ವಾರ್ಡಿನಲ್ಲಿ ಅಷ್ಟು ಹೆಂಗಸರಿಗೆ ಹಲ್ಲು ಕಚ್ಚಿ ತಡಕೋ ಎಂದವರು ತಾವು ತಡೆದುಕೊಳ್ಳಲಿಲ್ಲ. ಅಕ್ಕ ಬಗ್ಗಿ, ಕಾಲ ಬಳಿಯ ಚೀಲವನ್ನು ತಾನೇ ಎತ್ತಿಕೊಂಡರು. “ಕಾಲ ತೊಕ್ಕೊಂಡ ಒಳಗ ಬಾ. ದೀಪಾ ಹಚ್ಚೂ ಹೊತ್ತಿನ್ಯಾಗ ಹೊರಗ ನಿಂದರಬಾರದು.”

ಅಂದಿನಿಂದ ನರ್ಸಬಾಯಿ ಖಾನಾಪುರದ ಬಸ್ಸನ್ನು ಬಿಡಲಿಲ್ಲ. ಮುಂದೆ ಆ ಅಕ್ಕ ತೀರಿಕೊಂಡಾಗ ತಲೆದಿಂಬಿನ ಬಳಿ ತಂಗಿಯೇ ಇದ್ದರು. ಚೀಲದಲ್ಲಿ ತಮಗೆಂದು ಇಟ್ಟುಕೊಂಡಿದ್ದ ಬಿಳಿ ಸೀರೆಯನ್ನು ಅಕ್ಕನಿಗೆ ತಾವೇ ಉಡಿಸಿ ಕಳಿಸಿದರು. ಊರಿಗೆ ಮರಳಿ ಇನ್ನೊಂದು ಬಿಳಿ ಸೀರೆ ತಂದರು. ಅದೇ ದಿನಗಳಲ್ಲಿರಬೇಕು, ನಿನಗೆ ಯಾವ ಬಣ್ಣದ ಖಣ ಸೇರುತ್ತದೆ ಎಂದು ನನ್ನನ್ನು ಕೇಳಿದ್ದು. ಹಸಿರು ಎಂದಿದ್ದೆ. ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವಾಗ ಕೊಡುವ ಕುಪ್ಪಸದ ಬಟ್ಟೆಯದು. ದೀಪಾವಳಿಗೆ ಕೊಡುತ್ತಾರೇನೋ ಎಂದುಕೊಂಡೆ. ಕೊಡಲಿಲ್ಲ. ಮರೆತರೆಂದು ನಾನೂ ಮರೆತೆ.

ಆಮೇಲೆ ನಾವು ಸದಾಶಿವನಗರದಲ್ಲಿ ಮನೆ ಮಾಡಿ ಬಂದೆವು. ಚಾಳು ಕೆಡವಿದರು, ಅಲ್ಲೀಗ ಅಪಾರ್ಟ್‌ಮೆಂಟು ಎದ್ದಿದೆ. ಖಾಲಾ ಮಗನ ಮನೆಗೆ ಹೋದಳು. ನರ್ಸಬಾಯಿಯ ಕುಟುಂಬ ಅಲ್ಲೇ ಹಿಂದಿನ ಓಣಿಗೆ ಹೋಯಿತು. ಹೋಗಿಬರುವುದು ನಡೆದೇ ಇತ್ತು, ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ... ನರ್ಸಬಾಯಿ ತೀರಿಕೊಂಡಾಗ ನಾನು ತವರಿನಲ್ಲಿದ್ದೆ. ಕಾಡಿನ ಕಡೆ ಫೋನು ಹತ್ತುವುದಿಲ್ಲ. ಸುದ್ದಿ ತಿಳಿದು ಓಡಿ ಬರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಒಂದು ತಾಸು ಕಾದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಆ ಮಗನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ಅವರ ಮುಖ ಇನ್ನೊಮ್ಮೆ ನೋಡಲಿಲ್ಲವಲ್ಲ ಎಂಬ ಉರಿ ಅದು. ಮನೆಗೆ ಬಂದು ಕೂತವಳಿಗೆ ಕಿಟಕಿಯ ಹೊರಗೆ ಹೊತ್ತು ಇಳಿಯುವುದು ಕಂಡಿತು. ಎರಡು ಬಾಳೆಹಣ್ಣು ಹಿಡಿದುಕೊಂಡು ಅದೇ ಕಾಲಲ್ಲಿ ತಿರುಗಿ ಹೋದೆ. ಬಾಗಿಲಲ್ಲಿ ನನ್ನನ್ನೂ ಬಾಳೆಹಣ್ಣನ್ನೂ ನೋಡಿ ಆ ದೊಡ್ಡ ಗಂಡಸು ಕೂಸಿನ ಹಾಗೆ ಅತ್ತ.

ಸೊಸೆ ಒಳಗಿನಿಂದ ಖಾಕಿ ಚೀಲ ತಂದು ನನ್ನ ಕೈಗಿಟ್ಟಳು. ಬಿಳಿ ಸೀರೆ ಉಡಿಸಿದೆವು, ಉಳಿದದ್ದು ನಿಮಗೆ ಸೇರಿದ್ದು ಅಂತ ಕಾಣುತ್ತದೆ ಎಂದಳು. ತೆರೆದೆ. ಟವೆಲ್ಲು, ಬಾಚಣಿಗೆ. ಅದರ ಕೆಳಗೆ, ಮಡಿಕೆ ಕೆಡದ ಒಂದು ಹಸಿರು ಖಣ. ಅದರ ಕೆಳಗೆ ಅಂಚಿಗೆ ಕೈಯಿಂದ ಕಸೂತಿ ಹಾಕಿದ ಒಂದು ಬಿಳಿ ಓಢಣಿ.

ಮುತ್ತೈದೆಯಾದ ನಾನು ಬಿಳಿ ಉಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತಲೆಯ ಮೇಲೆ ಸೆರಗಿಲ್ಲದೆ ಖಾಲಾ ಎಲ್ಲಿಗೂ ಹೊರಡುವುದಿಲ್ಲವೆಂದೂ ಗೊತ್ತಿತ್ತು. ಪ್ರಸಂಗದಲ್ಲಿ ಏನು ಹೇಳುತ್ತಿದ್ದರೋ ಹೇಳಲಿ, ಅವರು ನಮ್ಮೊಡನೆ ಆ ಮಾತು ಒಮ್ಮೆಯೂ ಎತ್ತಲಿಲ್ಲ, ವಾದ ಮಾಡಲಿಲ್ಲ, ಚರ್ಚಿಗೆ ಬಾ ಎಂದೂ ಕರೆಯಲಿಲ್ಲ. ತುತೂರಿ ಊದಿದ ದಿನ ನಮ್ಮಿಬ್ಬರನ್ನೂ ಜೊತೆಗೆ ಕರೆದುಕೊಂಡೇ ಹೊರಡುವುದೆಂದು ಸುಮ್ಮನೆ ಚೀಲ ತುಂಬಿಟ್ಟಿದ್ದರು.

ಓಢಣಿಯನ್ನು ಖಾಲಾಗೆ ಮುಟ್ಟಿಸಿದೆ. ನಮಾಜಿಗೆ ಅದನ್ನೇ ಹೊದೆಯುತ್ತಿದ್ದಳಂತೆ. ಅವಳೂ ಈಗಿಲ್ಲ. ಚೀಲ ನನ್ನ ಬಾಗಿಲ ಹಿಂದೆ ತೂಗುತ್ತಿದೆ. ಬಂದವರು ಕೇಳಿದರೆ ಪಲ್ಲೆಯ ಚೀಲ ಎನ್ನುತ್ತೇನೆ.

ಇವತ್ತು ಒಲೆ ಒರೆಸಿ ಮುಗಿಸಿ, ಚೀಲ ಇಳಿಸಿ, ಖಣವನ್ನು ಹೊರಗೆ ತೆಗೆದೆ. ಇಷ್ಟು ವರ್ಷ ಹೊಲಿಸಿಲ್ಲ. ಹೊಲಿಸಿದರೆ ಅವರು ಮಡಿಚಿಟ್ಟ ಮಡಿಕೆ ಬಿಚ್ಚಬೇಕು, ಅದಕ್ಕೇ ಮನಸ್ಸು ಬಂದಿರಲಿಲ್ಲ. ನನಗೆ ಬರೋಣ ಗಿರೋಣದ ಮೇಲೆ ಅಂಥ ನಂಬಿಕೆಯೇನೂ ಇಲ್ಲ. ಆದರೆ ಅವರು ಖರೇನೇ ಎದುರಿಗೆ ಬಂದು ನಿಂತರೆ ಏನೆನ್ನುತ್ತಾರೆಂದು ಚೆನ್ನಾಗಿ ಗೊತ್ತು. ಬ್ಯಾನಿ ಸುರು ಆದಮ್ಯಾಲ ಕುಪ್ಪಸಾ ಹೊಲಿಸಾಕ ಹೊಂಟಿಯೇನ ತಂಗಿ, ಎನ್ನುತ್ತಾರೆ. ಕೂತಲ್ಲೇ ಬಹಳ ಹೊತ್ತು ಅತ್ತೆ. ಆಮೇಲೆ ಮಡಿಕೆ ಬಿಚ್ಚಿದೆ. ಓಣಿಯ ತುದಿಯಲ್ಲಿ ಟೇಲರ್ ಇದ್ದಾನೆ. ದೀಪ ಹಚ್ಚುವುದರೊಳಗೆ ಅಳತೆ ಕೊಟ್ಟು ಬರಬೇಕು.